ಕವಿಸಮಯದ ಹಂಸ, ಕೆರೆಯ ಹೆಬ್ಬಾತು



ನಮ್ಮ ಕಾವ್ಯಲೋಕದಲ್ಲಿ ಹಂಸದಷ್ಟು ಗೌರವವನ್ನು ಪಡೆದ ಹಕ್ಕಿ ಇನ್ನೊಂದಿಲ್ಲ. ಕೋಗಿಲೆಗೆ ಕಂಠವುಂಟು, ನವಿಲಿಗೆ ನರ್ತನವುಂಟು, ಗಿಳಿಗೆ ಮಾತುಂಟು. ಆದರೆ ನಡಿಗೆ, ಬಣ್ಣ, ವಿವೇಕ, ವೈರಾಗ್ಯ ಇವೆಲ್ಲವೂ ಒಟ್ಟಾಗಿ ಸಂದಿರುವುದು ಹಂಸಕ್ಕೆ ಮಾತ್ರ. ಸರಸ್ವತಿಗೆ ಅದು ವಾಹನ, ಬ್ರಹ್ಮನಿಗೆ ರಥ, ದಮಯಂತಿಗೆ ದೂತ, ವೇದಾಂತಿಗೆ ಆತ್ಮದ ಹೆಸರು. ಇಷ್ಟೆಲ್ಲ ಇದ್ದೂ, ‘ನೀವು ಹಂಸವನ್ನು ಕಣ್ಣಾರೆ ಕಂಡಿದ್ದೀರಾ?’ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನವಾಗಬೇಕಾಗುತ್ತದೆ. ದೇವಾಲಯದ ಗೋಡೆಯಲ್ಲಿ ಕಂಡಿದ್ದೇವೆ, ಸೀರೆಯ ಅಂಚಿನಲ್ಲಿ ಕಂಡಿದ್ದೇವೆ, ಕ್ಯಾಲೆಂಡರಿನಲ್ಲಿ ಕಂಡಿದ್ದೇವೆ. ನೀರಿನ ಮೇಲೆ ಕಂಡಿದ್ದೇವೆಯೇ? ಈ ಪ್ರಶ್ನೆಯನ್ನು ಹಿಡಿದು ಇಂದು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಹಳಗನ್ನಡದ ಕವಿಗಳಿಗೆ ಹಂಸವು ದೂರದ ಸಂಸ್ಕೃತ ಶಬ್ದವಾಗಿ ಉಳಿಯಲಿಲ್ಲ. ಅದನ್ನು ಅವರು ತದ್ಭವವಾಗಿಸಿ ‘ಅಂಚೆ’ ಎಂದರು. ರಾಜಹಂಸವನ್ನು ‘ಅರಸಂಚೆ’ ಎಂದರು. ಒಂದು ಶಬ್ದವನ್ನು ಜನ ತಮ್ಮ ನಾಲಗೆಗೆ ಒಗ್ಗಿಸಿಕೊಂಡರೆಂದರೆ ಆ ಶಬ್ದ ಸೂಚಿಸುವ ವಸ್ತುವಿನೊಡನೆ ಅವರಿಗೆ ಬಳಕೆಯಿತ್ತೆಂದು ಊಹಿಸುವುದು ತಪ್ಪಾಗಲಾರದು. ಇತ್ತ ಸಂಸ್ಕೃತದ ನಿಘಂಟುಕಾರನೂ ಸುಮ್ಮನೆ ‘ಹಂಸ’ ಎಂದು ಹೇಳಿ ಮುಗಿಸಲಿಲ್ಲ. ಕೊಕ್ಕು ಕಾಲುಗಳು ಕೆಂಪಾಗಿ ಮೈ ಬೆಳ್ಳಗಿದ್ದರೆ ರಾಜಹಂಸ, ಅವು ಮಾಸಲಾಗಿದ್ದರೆ ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ ಎಂದು ಅಮರಸಿಂಹ ವಿಂಗಡಿಸಿದ್ದಾನೆ. ಇದು ಕಲ್ಪನೆಯಲ್ಲಿ ವಿಹರಿಸುವವನ ಮಾತಲ್ಲ; ನೀರಿನ ದಡದಲ್ಲಿ ನಿಂತು ಕೊಕ್ಕನ್ನೂ ಕಾಲನ್ನೂ ಗಮನಿಸಿದವರಿಂದ ಬಂದ ಮಾತು. ಕವಿಸಮಯವೆಂದು ನಾವು ಇಂದು ಕರೆಯುವುದರ ಅಡಿಯಲ್ಲಿ ಒಮ್ಮೆ ಕಣ್ಣಿನ ಕೆಲಸ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಹಾಗಾದರೆ ಆ ಹಕ್ಕಿ ಯಾವುದು? ಕತ್ತನ್ನು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿಸಿ ತೇಲುವ, ಹಾಲಿನಂಥ ಬಿಳುಪಿನ ಸ್ವಾನ್ ಎಂಬ ಹಕ್ಕಿ ನಮ್ಮ ನಾಡಿನದಲ್ಲ. ಚಳಿ ಅತಿಯಾದ ಕೆಲವು ವರ್ಷಗಳಲ್ಲಿ ಅದು ಭಾರತದ ವಾಯವ್ಯದ ಅಂಚಿಗೆ ದಾರಿ ತಪ್ಪಿದಂತೆ ಬಂದದ್ದುಂಟು. ಕನ್ನಡ ನಾಡಿನ ಕೆರೆಗಳಿಗೆ ಅದು ಬರುವ ಹಕ್ಕಿಯಲ್ಲ. ಡಚ್ ವಿದ್ವಾಂಸ ಫೋಗೆಲ್ ಅವರು ಭಾರತೀಯ ಸಾಹಿತ್ಯ ಮತ್ತು ಶಿಲ್ಪದ ಹಂಸವನ್ನೇ ವಿಷಯವಾಗಿಸಿಕೊಂಡು ಬರೆದ, 1962ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ನಮ್ಮ ಹಂಸವೆಂದರೆ ಹೆಬ್ಬಾತು ಎಂದು ವಾದಿಸಿದರು. ಸಂಸ್ಕೃತ ಸಾಹಿತ್ಯದ ಹಕ್ಕಿಗಳನ್ನು ಕುರಿತು 1985ರಲ್ಲಿ ಗ್ರಂಥ ಪ್ರಕಟಿಸಿದ ಕೆ. ಎನ್. ದವೆ ಅವರು, ಹಂಸವೆಂಬ ಮಾತು ಸ್ವಾನ್ ಹಕ್ಕಿಗೂ ಹೆಬ್ಬಾತಿಗೂ ಎರಡಕ್ಕೂ ಸಂದಿದೆ ಎಂಬ ಪಕ್ಷದವರು. ಉತ್ತರಭಾರತದ ಕವಿಗಳ ಮಟ್ಟಿಗೆ ಈ ಚರ್ಚೆ ಹೇಗಾದರೂ ಇರಲಿ. ನಮ್ಮ ಸೀಮೆಯ ಕವಿ ತನ್ನೂರಿನ ಕೆರೆಯ ಏರಿಯ ಮೇಲೆ ನಿಂತು ನೋಡಿ ‘ಅಂಚೆ’ ಎಂದಿದ್ದರೆ ಅದು ಹೆಬ್ಬಾತೇ ಆಗಿರಬೇಕು. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಮಕರಗಳ ಸಾಲಿನ ಬಳಿ ನಡೆದುಹೋಗುವ ಹಂಸಗಳನ್ನು ಸಮಾಧಾನವಾಗಿ ನೋಡಿ. ಬಾಲದ ಲತಾವಿನ್ಯಾಸವನ್ನು ಶಿಲ್ಪಿಯ ಸ್ವಾತಂತ್ರ್ಯವೆಂದು ಬಿಟ್ಟರೆ, ಉಳಿದ ದೇಹದ ಗಡುತರ ಹೆಬ್ಬಾತಿನದೇ.

ಬಿಳಿಯ ಹಂಸ ನಮ್ಮ ಕಣ್ಣಿನಲ್ಲಿ ಇಷ್ಟು ಭದ್ರವಾಗಿ ನೆಲೆಸಿದ್ದಕ್ಕೆ ಅಚ್ಚಿನ ಚಿತ್ರಗಳ ಪಾತ್ರ ದೊಡ್ಡದು. ರಾಜಾ ರವಿವರ್ಮ 1899ರಲ್ಲಿ ಬರೆದ ಹಂಸ–ದಮಯಂತಿಯ ಚಿತ್ರವನ್ನು ನೀವೆಲ್ಲ ಬಲ್ಲಿರಿ. ದಮಯಂತಿಯ ಮುಂದೆ ಕುಳಿತಿರುವುದು ಉದ್ದ ಕತ್ತಿನ ಬೆಳ್ಳನೆಯ ಹಕ್ಕಿ. ಅಂಥ ಚಿತ್ರಗಳ ಅಚ್ಚುಗಳು ಮನೆಮನೆಯ ಗೋಡೆಗೂ ಬಂದವು. ಹೀಗೆ ಯೂರೋಪಿನ ಸರೋವರದ ಹಕ್ಕಿಯೊಂದು ನಮ್ಮ ಪುರಾಣದ ಹಕ್ಕಿಯಾಯಿತು. ನಮ್ಮ ಕೆರೆಯ ಹಕ್ಕಿ ಹೆಸರಿಲ್ಲದ ಬಾತಾಯಿತು.

ಈ ವಿನಿಮಯದಿಂದ ಆದ ನಷ್ಟವೇನೆಂಬುದು ನನಗೆ ಸ್ಪಷ್ಟವಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಆತ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಈ ಭಾಷಣ ಕೇಳುತ್ತಿರುವ ಗೃಹಿಣಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಚೌಕುಳಿ ಕಾಗದದ ಮೇಲೆ ಬುಟ್ಟದ ನಕ್ಷೆ ಬರೆಯುವುದನ್ನು ಆತ ಚಿಕ್ಕಂದಿನಲ್ಲೇ ತಂದೆಯಿಂದ ಕಲಿತಿದ್ದ. ಮನೆಯಲ್ಲಿ ಹಂಸದ ಬುಟ್ಟವೊಂದು ಅಜ್ಜನ ಕಾಲದಿಂದ ನಡೆದುಬಂದಿತ್ತು. ಕ್ಯಾಮೆರಾದ ಹುಚ್ಚು ಹಿಡಿದ ಮೇಲೆ ಆತನಿಗೊಂದು ಆಸೆ ಹುಟ್ಟಿತು: ನಿಜವಾದ ಹಂಸದ ಛಾಯಾಚಿತ್ರ ತೆಗೆದು, ಅದನ್ನು ನೋಡಿಕೊಂಡು ಹೊಸ ನಕ್ಷೆ ಬರೆಯಬೇಕು. ಒಂದು ಡಿಸೆಂಬರಿನಲ್ಲಿ ನನ್ನನ್ನೂ ಜೊತೆಗೆ ಕರೆದುಕೊಂಡು ಗದಗ ಜಿಲ್ಲೆಯ ಮಾಗಡಿಕೆರೆಗೆ ಹೋದ. ಬೆಳಗಿನ ಮಂಜಿನಲ್ಲಿ ನೀರಿನ ಮೇಲೆ ಸಾವಿರಾರು ಹಕ್ಕಿಗಳು. ಆತ ದೂರದ ಮಸೂರವನ್ನು ಕಣ್ಣಿಗೆ ಹಿಡಿದು ಒಂದು ನಿಮಿಷ ನೋಡಿ, ‘ಇದೇನ್ ಸಾರ್, ಬರೀ ಬೂದು ಬಾತು!’ ಎಂದು ಕೆಳಗಿಳಿಸಿದ. ಆ ದನಿಯಲ್ಲಿದ್ದ ನಿರಾಸೆ ಒಬ್ಬನದಲ್ಲ. ಅಚ್ಚಿನ ಚಿತ್ರ ನೋಡಿ ಬೆಳೆದ ಒಂದು ಇಡೀ ಸಮಾಜದ್ದು ಎಂದು ನನಗನ್ನಿಸಿತು.

ಮಾಗಡಿಕೆರೆ ನಿಸರ್ಗ ನಿರ್ಮಿಸಿದ ಸರೋವರವಲ್ಲ. ಮಳೆಯ ನೀರನ್ನು ಹಿಡಿದಿಟ್ಟು ಹೊಲಗಳಿಗೆ ಒದಗಿಸಲು ಜನ ಕಟ್ಟಿದ ಕೆರೆ; ವಿಸ್ತಾರ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಸಂಖ್ಯೆ ಸುಮಾರು 8000 ಎಂದು ಅಂದಾಜು. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗುನೆಲೆಗಳ ಪಟ್ಟಿಯೊಂದು ಬೆಳೆಯುತ್ತ ಬಂದಿದೆಯಷ್ಟೆ. ಆ ಪಟ್ಟಿಗೆ ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಸೇರಿತು. 2024ರ ಆರಂಭದಲ್ಲಿ ಮಾಗಡಿಕೆರೆಯೂ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವೂ ಅಘನಾಶಿನಿಯ ಅಳಿವೆಯೂ ಸೇರಿದವು. ಇವುಗಳಲ್ಲಿ ಮಾಗಡಿ, ಅಂಕಸಮುದ್ರ ಎರಡೂ ರೈತನ ಕೆರೆಗಳೆಂಬುದನ್ನು ಗಮನಿಸಬೇಕು. ಹಕ್ಕಿಗಾಗಿ ಯಾರೂ ಕಟ್ಟಲಿಲ್ಲ. ಹೊಲಕ್ಕಾಗಿ ಕಟ್ಟಿದ್ದನ್ನು ಹಕ್ಕಿ ತನ್ನದೆಂದುಕೊಂಡಿತು.

ಬೂದು ಬಾತು ಎಂದು ಹುಡುಗ ತಳ್ಳಿಹಾಕಿದ ಆ ಹಕ್ಕಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೈ ಮುಂಜಾವದ ಮೋಡದಂಥ ತಿಳಿಬೂದು. ತಲೆ ಬಿಳಿ, ಅದರ ಹಿಂಬದಿಯಲ್ಲಿ ಕಣ್ಣಿಂದ ಕಣ್ಣಿಗೆ ಸುತ್ತಿದಂತೆ ಒಂದು, ಅದರ ಕೆಳಗೆ ಚಿಕ್ಕದಾಗಿ ಇನ್ನೊಂದು, ಹೀಗೆ ಎರಡು ಕಪ್ಪು ಪಟ್ಟೆ. ಕೊಕ್ಕೂ ಕಾಲೂ ಹಳದಿ ಕೂಡಿದ ಕಿತ್ತಳೆ. ಕತ್ತಿನ ಇಕ್ಕೆಲಗಳಲ್ಲಿ ತಲೆಯಿಂದ ಇಳಿದ ಬಿಳಿಯ ಗೆರೆ. ತೂಕ ಸುಮಾರು 2ರಿಂದ 3 ಕಿಲೋ. ಸಾಲುಗಟ್ಟಿ ಹಾರುವಾಗ ಕೊಳಲಿಗೂ ಕಹಳೆಗೂ ನಡುವಿನದೆನ್ನಬಹುದಾದ ದನಿ. ದಡಕ್ಕೆ ಬಂದು ಹೆಜ್ಜೆ ಹಾಕುವಾಗ ದೇಹ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಹಂಸಗಮನೆ, ಅಂಚೆನಡೆ ಎಂಬ ಮಾತುಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ, ಅವುಗಳಲ್ಲಿ ತೂಗಾಡುವ ಭಾರವೊಂದಿದೆ ಎಂಬುದು ಅಂದು ಮನದಟ್ಟಾಯಿತು. ನೀರಿನ ಮೇಲೆ ಜಾರುವ ಹಕ್ಕಿಯ ಉಪಮೆಯಲ್ಲ ಅದು; ನೆಲದ ಮೇಲೆ ನಡೆಯುವ ಹಕ್ಕಿಯ ಉಪಮೆ.

ಈ ಹಕ್ಕಿಗಳು ಎಲ್ಲಿಂದ ಬರುತ್ತವೆ? ಟಿಬೆಟ್ಟಿನ ಪ್ರಸ್ಥಭೂಮಿ, ಚೀನದ ಚಿಂಘೈ, ಮಂಗೋಲಿಯಾ, ಲಡಾಖಿನ ಸರೋವರಗಳು – ಇವು ಅವುಗಳ ತವರು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಕೆಲವು ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಆ ಅಕ್ಷರ ಅಂಕಿಗಳನ್ನು ಓದಿ ಅವುಗಳ ಊರನ್ನು ತಿಳಿಸಿದ್ದು ಇಲ್ಲಿಯ ಹವ್ಯಾಸಿಗಳ ಛಾಯಾಚಿತ್ರಗಳು. ಮಾನಸ ಸರೋವರದಿಂದ ಹಂಸಗಳು ಬರುತ್ತವೆ, ಅಲ್ಲಿಗೇ ಹಿಂತಿರುಗುತ್ತವೆ ಎಂಬುದನ್ನು ನಾವು ಕವಿಸಮಯಗಳ ಪಟ್ಟಿಯಲ್ಲಿ ಸೇರಿಸಿ ನಕ್ಕುಬಿಡುತ್ತೇವೆ. ಆದರೆ ಈ ಹಕ್ಕಿ ನಿಜವಾಗಿಯೂ ಹಿಮಾಲಯದ ಆಚೆಯ ಸರೋವರಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಹಕ್ಕಿ. ಮಳೆಗಾಲ ಬಂದಾಗ ಹೊರಡುತ್ತದೆ ಎನ್ನುತ್ತಾನೆ ಕವಿ. ನಮ್ಮ ಸೀಮೆಯಿಂದ ಅದು ಮಾರ್ಚಿನ ವೇಳೆಗೇ ಹೊರಟಿರುತ್ತದೆ. ಅಷ್ಟು ವ್ಯತ್ಯಾಸವುಂಟು. ಹಾದಿಯ ದಿಕ್ಕನ್ನು ಮಾತ್ರ ಕವಿ ಸರಿಯಾಗಿಯೇ ಹೇಳಿದ್ದಾನೆ.

ಇನ್ನೊಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಈ ಹೆಬ್ಬಾತುಗಳು ಎವರೆಸ್ಟಿನ ಶಿಖರದ ಮೇಲೆಯೇ ಹಾರಿಹೋಗುತ್ತವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಉಪಗ್ರಹದೊಡನೆ ಸಂಪರ್ಕವಿರುವ ಪುಟ್ಟ ಉಪಕರಣಗಳನ್ನು ಹಕ್ಕಿಗಳಿಗೆ ಕಟ್ಟಿ ನಡೆಸಿದ, 2013ರಲ್ಲಿ ಅಚ್ಚಾದ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7290 ಮೀಟರ್. ಆದರೆ ಬಹುಪಾಲು ಹಾರಾಟ 6000 ಮೀಟರಿಗಿಂತ ಕೆಳಗೇ ಇತ್ತು. ಹಕ್ಕಿಗಳು ಕಣಿವೆಗಳನ್ನೂ ಕಂಡಿಗಳನ್ನೂ ಆರಿಸಿಕೊಂಡು ನೆಲದ ಏರಿಳಿತವನ್ನು ಅನುಸರಿಸಿ ದಾಟುತ್ತಿದ್ದವು. ಒಮ್ಮೆ ಏರಿದ ಎತ್ತರವನ್ನು ಉಳಿಸಿಕೊಳ್ಳುವುದಕ್ಕಿಂತ ಹೀಗೆ ಇಳಿದು ಏರುವುದರಲ್ಲೇ ಶಕ್ತಿಯ ಮಿತವ್ಯಯವಿದೆ ಎಂದು 2015ರ ಮತ್ತೊಂದು ಅಧ್ಯಯನ ತೋರಿಸಿತು. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತದಲ್ಲಿಯೇ ಇದೆ. ಈಗ ಮೇಘದೂತವನ್ನು ನೆನೆಯಿರಿ. ಮೋಡಕ್ಕೆ ದಾರಿ ಹೇಳುವ ಯಕ್ಷ ಹಿಮಾಲಯದಲ್ಲಿ ಕ್ರೌಂಚರಂಧ್ರವೆಂಬ ಕಂಡಿಯೊಂದನ್ನು ತೋರಿಸಿ, ಅದು ಹಂಸಗಳ ಬಾಗಿಲು ಎನ್ನುತ್ತಾನೆ. ಶಿಖರದ ಮೇಲಲ್ಲ, ಕಂಡಿಯ ಮೂಲಕ ಎಂದು ಕಾಳಿದಾಸ ಹೇಳಿದ್ದನ್ನು ಉಪಗ್ರಹ ಬಂದು ಸಮರ್ಥಿಸಿತೆನ್ನಬಹುದು. ಕವಿಯನ್ನು ವಿಜ್ಞಾನಿಯಾಗಿಸುವ ಉತ್ಸಾಹ ನನಗಿಲ್ಲ. ನೋಡಿದವರ ಮಾತನ್ನು ಕೇಳಿಸಿಕೊಂಡವನು ಅವನು ಎಂಬಷ್ಟೇ ನನ್ನ ಅಭಿಪ್ರಾಯ.

ನೋಡುವುದು ಎಂಬ ಕೆಲಸ ಸುಲಭವಲ್ಲ. ಹಕ್ಕಿಯ ಚಿತ್ರ ತೆಗೆಯುವವರು ಇದನ್ನು ಬಲ್ಲರು. ಇಂಗ್ಲೆಂಡಿನ ಕಿಯರ್ಟನ್ ಸೋದರರು ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಛಾಯಾಚಿತ್ರ ತೆಗೆದದ್ದು 1892ರಲ್ಲಿ. ಹಕ್ಕಿಗಳು ಮನುಷ್ಯನನ್ನು ಕಂಡರೆ ಹಾರುತ್ತವೆ, ದನವನ್ನು ಕಂಡರೆ ಹಾರುವುದಿಲ್ಲ ಎಂಬುದನ್ನು ಗಮನಿಸಿ, ಅವರು ಮುಂದೆ ಎತ್ತಿನ ತೊಗಲಿನಿಂದ ಟೊಳ್ಳಾದ ಎತ್ತನ್ನೇ ಮಾಡಿ ಅದರ ಹೊಟ್ಟೆಯೊಳಗೆ ಕ್ಯಾಮೆರಾದೊಡನೆ ಅಡಗಿ ಕುಳಿತರು. ನಮ್ಮ ದನಗಾಹಿ ಹುಡುಗರಿಗೆ ಇದು ಹೊಸ ವಿದ್ಯೆಯಲ್ಲ. ನಮ್ಮ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಹೊಣೆ ಹೊತ್ತಿದ್ದವರು. ಕಪ್ಪು ಬಿಳುಪಿನ ವನ್ಯಜೀವಿ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದವರು. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಕನ್ನಡ ನಾಡಿನ ಹಕ್ಕಿಗಳನ್ನು ಕನ್ನಡದ ಓದುಗರಿಗೆ ಪರಿಚಯಿಸಿದ ರೀತಿ ನಮಗೆಲ್ಲ ಗೊತ್ತು. ಅವರ ತಂದೆ ಕುವೆಂಪು ಅವರು ಶ್ರೀ ರಾಮಾಯಣದರ್ಶನಂ ಕೃತಿಯನ್ನು ಅರ್ಪಿಸಿದ್ದು ನಮ್ಮ ಚಳ್ಳಕೆರೆ ತಾಲೂಕಿನ ತಳುಕಿನವರಾದ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ಜಟಾಯುವಿನ ಕಥೆಯುಳ್ಳ ಕಾವ್ಯವೊಂದು ನಮ್ಮೂರ ಮೇಷ್ಟರಿಗೆ ಸಂದಿದೆ ಎಂದು ನಾವು ಸಂತೋಷಪಡಬಹುದು.

ನಮ್ಮ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ನಿರಾಸೆ ಇಳಿದ ಮೇಲೆ ಆತ ಚಿತ್ರ ತೆಗೆಯಲು ಕುಳಿತ. ತಿಳಿಬಣ್ಣದ ಹಕ್ಕಿ, ಹೊಳೆಯುವ ನೀರು. ಬಿಸಿಲೇರಿದರೆ ಬಿಳಿಯೆಲ್ಲ ಕರಗಿ ತಲೆಯ ಪಟ್ಟೆ ಮಾತ್ರ ಉಳಿಯುತ್ತದೆ. ಆದ್ದರಿಂದ ಸೂರ್ಯ ಕೆಳಗಿರುವ ಒಂದೆರಡು ಗಂಟೆಯೇ ಅವಕಾಶ. ಅಲ್ಲಿ ಬಂದಿದ್ದ ಬೇರೆ ಕೆಲವರು, ಹಕ್ಕಿಗಳು ಕುಳಿತಿದ್ದರೆ ಚಿತ್ರಕ್ಕೆ ಕಳೆಯಿಲ್ಲವೆಂದು, ಚಪ್ಪಾಳೆ ತಟ್ಟಿ ಕಲ್ಲೆಸೆದು ಹಿಂಡನ್ನು ಎಬ್ಬಿಸಿದರು. ಸಾವಿರ ರೆಕ್ಕೆಗಳು ಏಕಕಾಲಕ್ಕೆ ಬಿಚ್ಚಿಕೊಂಡ ಆ ನೋಟ ಭವ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾರೆ. ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ರಾತ್ರಿಯೆಲ್ಲ ಹೊಲಗಳಲ್ಲಿ ಮೇದು ಬಂದು ಹಗಲು ನೀರಿನಲ್ಲಿ ವಿಶ್ರಮಿಸುವ ಹಕ್ಕಿ ಅದು. ಮಾರ್ಚಿನಲ್ಲಿ ಹಿಮಾಲಯವನ್ನು ಮತ್ತೆ ದಾಟಬೇಕಾದ ಹಕ್ಕಿ. ಅದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತಿರುವ ಕೊಬ್ಬೇ ಅದರ ದಾರಿಬುತ್ತಿ. ಪ್ರತಿ ಚಪ್ಪಾಳೆಗೂ ಆ ಬುತ್ತಿಯಿಂದ ಒಂದು ತುತ್ತು ಕಳೆಯುತ್ತದೆ.

ಕನ್ನಡದಲ್ಲಿ ಛಾಯಾಚಿತ್ರಕ್ಕೆ ನಾವು ಬಳಸುವ ಕ್ರಿಯಾಪದಗಳನ್ನು ಒಮ್ಮೆ ಪರಿಶೀಲಿಸಿ. ಫೋಟೋ ‘ಹೊಡೆಯುತ್ತೇವೆ’, ಚಿತ್ರ ‘ತೆಗೆಯುತ್ತೇವೆ’. ಭಾಷೆ ಸ್ವಲ್ಪ ಉನ್ನತವಾದರೆ ದೃಶ್ಯವನ್ನು ‘ಸೆರೆಹಿಡಿಯುತ್ತೇವೆ’. ಹೊಡೆಯುವುದು, ತೆಗೆಯುವುದು, ಸೆರೆಹಿಡಿಯುವುದು – ಮೂರೂ ಬೇಟೆಗಾರನ, ಇಲ್ಲವೆ ದೋಚುವವನ ಮಾತುಗಳು. ನಳನೂ ಉದ್ಯಾನದಲ್ಲಿ ಹಂಸವನ್ನು ಸೆರೆಹಿಡಿದ. ಆದರೆ ಕಥೆ ಮುಂದುವರಿದದ್ದು ಹಿಡಿದದ್ದರಿಂದಲ್ಲ, ಬಿಟ್ಟದ್ದರಿಂದ. ಬಿಡುಗಡೆ ಪಡೆದ ಹಂಸ ವಿದರ್ಭಕ್ಕೆ ಹಾರಿ ಅವನ ಮಾತನ್ನು ದಮಯಂತಿಗೆ ಮುಟ್ಟಿಸಿತು. ಕನಕದಾಸರ ನಳಚರಿತ್ರೆಯನ್ನು ಓದಿದ ಶಾಲಾಬಾಲಕನೂ ಇದನ್ನು ಬಲ್ಲ. ಹಂಸವನ್ನು ಅಂಚೆಯೆಂದು ಕರೆದ ಭಾಷೆಯಲ್ಲೇ ಓಲೆಯನ್ನು ಮುಟ್ಟಿಸುವ ವ್ಯವಸ್ಥೆಗೂ ಅಂಚೆಯೆಂಬ ಹೆಸರಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆ ಇತಿಹಾಸಪ್ರಸಿದ್ಧ. ಒಂದೇ ರೂಪದ ಈ ಎರಡು ಮಾತುಗಳು ಎದುರುಬದುರಾದಾಗ ನನ್ನಂಥ ಕನ್ನಡ ಮೇಷ್ಟರಿಗೆ ಸುಖವಾಗುತ್ತದೆ. ಒಳ್ಳೆಯ ಛಾಯಾಚಿತ್ರವೆಂದರೆ ಬಿಟ್ಟುಕೊಟ್ಟ ಹಂಸ. ಹಕ್ಕಿ ತನ್ನ ಪಾಡಿಗೆ ತಾನಿರುವಂತೆಯೇ ಉಳಿದು, ಅದರ ಸಮಾಚಾರ ಮಾತ್ರ ನಮ್ಮ ಮನೆಗೆ ಬಂದು ಸೇರುವಂಥದು.

ಆದರೆ ಹಕ್ಕಿಯ ಪರವಾಗಿ ಮಾತಾಡುವ ಪೇಟೆಯವನು ಮರೆಯಬಾರದ ಇನ್ನೊಂದು ಪಕ್ಷವಿದೆ. ಏರಿಯ ಮೇಲೆ ನಮ್ಮೊಡನೆ ಮಾತಿಗೆ ನಿಂತ ರೈತರೊಬ್ಬರು ಹೇಳಿದ್ದು ಹೀಗೆ: ‘ಈ ಪಕ್ಷಿ ನಮ್ಮೂರಿಗೆ ಹೆಸ್ರು ತಂದಾವ್ರೀ, ಖರೆ. ಆದ್ರ ರಾತ್ರಿ ಕಡ್ಲಿ ಹೊಲಕ್ಕ ಇಳಿಯಾವೂ ಇವ. ನೀವು ಚಿತ್ರ ತಗೊಂಡು ಹೋಗ್ತೀರಿ, ನಾವು ಹೊಲ ಕಾಯ್ತೀವಿ.’ ಇದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಹೆಬ್ಬಾತು ಮುಖ್ಯವಾಗಿ ಮೇಯುವ ಹಕ್ಕಿ. ಹುಲ್ಲಿನ ಕುಡಿ, ಮೊಳೆತ ಪೈರು, ಕಡಲೆ, ಹೊಲದಲ್ಲುಳಿದ ಶೇಂಗಾ ಇವು ಅದಕ್ಕೆ ಪ್ರಿಯ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸವನ್ನು ಕವಿಗಳು ಹೊಗಳಿದರು. ರೈತನ ಕಡಲೆಯನ್ನೂ ಕೆರೆಯ ಹುಲ್ಲನ್ನೂ ಬೇರ್ಪಡಿಸುವ ವಿವೇಕವನ್ನು ಅದರಿಂದ ನಿರೀಕ್ಷಿಸಲಾಗುವುದಿಲ್ಲ. ಆ ವಿವೇಕ ನಮ್ಮದಾಗಬೇಕು. ನಷ್ಟವಾದವನಿಗೆ ಪರಿಹಾರ ದೊರೆಯದೆ, ನೋಡುವವನಿಗೆ ಮಾತ್ರ ಆನಂದ ದೊರೆಯುವ ಪಕ್ಷಿಧಾಮ ಬಹುಕಾಲ ಬಾಳಲಾರದು. ಇಷ್ಟಾಗಿಯೂ ಆ ಊರಿನವರು ಅತಿಥಿಗಳನ್ನು ಕಾಯ್ದುಕೊಂಡಿದ್ದಾರೆಂಬುದು ದೊಡ್ಡ ಮಾತು.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಚಳ್ಳಕೆರೆಯ ಹೆಸರಿನಲ್ಲೇ ಕೆರೆಯಿದೆ. ಆದರೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳು ರಾಜ್ಯದ ಅತ್ಯಂತ ಒಣ ಸೀಮೆಗಳ ಸಾಲಿನವು. ಇಲ್ಲಿ ಕೆರೆ ತುಂಬುವುದೆಂದರೆ ಹಬ್ಬ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅದನ್ನು ನೋಡಲು ಜನ ಜಾತ್ರೆಗೆ ಹೋಗುವಂತೆ ಹೋದರು. ಒಣಸೀಮೆಯಲ್ಲಿ ನೀರು ನಿಂತ ಪ್ರತಿಯೊಂದು ಕೆರೆಯೂ ಆಕಾಶದಲ್ಲಿ ಹಾದುಹೋಗುವ ಹಕ್ಕಿಗೆ ಒಂದು ಕರೆಯೋಲೆ. ಹೂಳು ತುಂಬಿದ, ಅಂಗಳ ಒತ್ತುವರಿಯಾದ ಕೆರೆ ಮಳೆ ಬಂದರೂ ನೀರು ಹಿಡಿಯದು. ರೈತನಿಗೂ ಇಲ್ಲ, ಹಕ್ಕಿಗೂ ಇಲ್ಲ.

ಹಕ್ಕಿಯ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಹೊಣೆಯೊಂದಿದೆ. ಮೊಳಕಾಲ್ಮೂರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಜಟಾಯು ರಾವಣನೊಡನೆ ಹೋರಾಡಿ ಬಿದ್ದನೆಂದು ಜನ ನಂಬಿದ್ದಾರೆ. ಅದೇ ಬೆಟ್ಟದಲ್ಲಿ, ಅದರ ನೆರೆಯ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು ಅವನ್ನು ಕಂಡು ಲೋಕಕ್ಕೆ ತಿಳಿಸಿದ್ದು 1892ರಲ್ಲಿ. ಅಲ್ಲಿ ಇಂಗ್ಲೆಂಡಿನಲ್ಲಿ ಹಕ್ಕಿಗೂಡಿನ ಆ ಚಿತ್ರ ಬಂದ ವರ್ಷವೇ. ತಂದೆತಾಯಿಗಳ ಸೇವೆ, ಗುರುಗಳಲ್ಲಿ ಗೌರವ, ಸತ್ಯ ಇವುಗಳೊಂದಿಗೆ ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕೆಂದು ಆ ಬಂಡೆ ಹೇಳುತ್ತದೆ. ಚಪಡನೆಂಬ ಲಿಪಿಕಾರ ಅದರ ಕೊನೆಗೆ ತನ್ನ ವೃತ್ತಿಯನ್ನು ದೂರದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅದೇ ಅಶೋಕ ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಉತ್ತರದಲ್ಲಿ ಹಾಕಿಸಿದ ಸ್ತಂಭಶಾಸನವೊಂದರಲ್ಲಿ, ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುತ್ತಾನೆ: ಗಿಳಿ, ಮೈನಾ, ಚಕ್ರವಾಕ, ಮತ್ತು ಹಂಸ. ಕಾವ್ಯದಲ್ಲಿ ಮಾತ್ರವಲ್ಲ, ರಾಜಾಜ್ಞೆಯಲ್ಲೂ ಹಂಸಕ್ಕೆ ಹೆಸರಿದ್ದ ದೇಶ ಇದು.

ಹೆಸರಿಲ್ಲದವುಗಳ ಗತಿಯೇನು? ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ತೆಗೆದುಕೊಳ್ಳಿ. ಶತಮಾನಗಳಿಂದ ಅಮೃತಮಹಲ್ ದನಗಳಿಗೂ ಕುರಿಗಳಿಗೂ ಕೃಷ್ಣಮೃಗಕ್ಕೂ ಹುಲ್ಲುಗಾವಲಿನ ಹಕ್ಕಿಗಳಿಗೂ ಆಶ್ರಯವಾಗಿದ್ದ ಆ ನೆಲವನ್ನು ನಾವು ‘ಬಂಜರು’ ಎಂದೆವು. ಈ ಶತಮಾನದಲ್ಲಿ ಕುದಾಪುರ, ಉಳ್ಳಾರ್ತಿ ಮೊದಲಾದ ಕಾವಲುಗಳ ಸಾವಿರಾರು ಎಕರೆ ವಿಜ್ಞಾನಸಂಸ್ಥೆಗಳಿಗೂ ಉದ್ಯಮಗಳಿಗೂ ಹಂಚಿಕೆಯಾಯಿತು. ವಿಜ್ಞಾನ ಬೇಡವೆಂದು ನಾನು ಹೇಳಲಾರೆ. ಆದರೆ ಬಯಲಿನ ಹಕ್ಕಿಗೆ ಕವಿಯೂ ಇರಲಿಲ್ಲ, ಚಿತ್ರಕಾರನೂ ಇರಲಿಲ್ಲ. ಆದ್ದರಿಂದ ಅದರ ಪರವಾಗಿ ಕೇಳಿದ ದನಿ ಸಣ್ಣದಾಗಿತ್ತು. ಎರೆಭೂತವೆಂದು ನಾವು ಕರೆಯುವ, ಮನುಷ್ಯನ ಸೊಂಟದ ಎತ್ತರದ ಹೆಮ್ಮೆಯ ಹಕ್ಕಿ ಇಂದು ಕರ್ನಾಟಕದಲ್ಲಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ, ಬೆರಳೆಣಿಕೆಯಷ್ಟು. ಅದು ಯಾವ ದೇವತೆಯ ವಾಹನವೂ ಅಲ್ಲ. ಹಂಸಕ್ಕೆ ಸರಸ್ವತಿಯ ರಕ್ಷೆಯುಂಟು. ಎರೆಭೂತಕ್ಕೆ ನಮ್ಮ ಕಣ್ಣೊಂದೇ ರಕ್ಷೆ. ಹಾಗೆಂದು ಹಂಸವೂ ನಿಶ್ಚಿಂತವಲ್ಲ. 2005ರಲ್ಲಿ ಚಿಂಘೈ ಸರೋವರದಲ್ಲಿ ಹಕ್ಕಿಜ್ವರ ಹರಡಿ ಸಾವಿರಾರು ಹಕ್ಕಿಗಳು ಸತ್ತಾಗ ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಹಳವಿದ್ದವು. ಅಲ್ಲಿಯ ಸರೋವರ, ನಡುವಿನ ಕಂಡಿ, ಇಲ್ಲಿಯ ಕೆರೆ ಇವು ಮೂರೂ ಕ್ಷೇಮವಾಗಿದ್ದರೆ ಮಾತ್ರ ಆ ಯಾತ್ರೆ ಪೂರ್ತಿಯಾದೀತು. ಮೂರರಲ್ಲಿ ಒಂದು ನಮ್ಮ ಪಾಲಿನದು.

ಮೊಳಕಾಲ್ಮೂರಿನ ಹುಡುಗ ಚಿತ್ರಗಳನ್ನು ತಂದು ತಂದೆಗೆ ತೋರಿಸಿದಾಗ ನಾನೂ ಅಲ್ಲಿದ್ದೆ. ಮಗ ಚೌಕುಳಿ ಕಾಗದದ ಮೇಲೆ ಬರೆದಿದ್ದ ಹೊಸ ನಕ್ಷೆಯಲ್ಲಿ ಹಂಸದ ತಲೆಗೆ ಎರಡು ಪಟ್ಟೆಗಳಿದ್ದವು. ಹಿರಿಯರು ಬಹಳ ಹೊತ್ತು ನೋಡಿದರು. ‘ಇಷ್ಟು ದೂರದಿಂದ ಬರ್ತದಾ ಇದು?’ ಎಂದು ಕೇಳಿದರು. ಆಮೇಲೆ ನನ್ನ ಕಡೆಗೆ ತಿರುಗಿ, ‘ಹಂಸಕ್ಕೆ ಪಟ್ಟೆ ಹಾಕಿದರೆ ಕೊಳ್ಳೋರು ಕೇಳ್ತಾರೆ ಮೇಷ್ಟ್ರೇ. ಅಪ್ಪ ನೇಯ್ದ ಹಂಸ ಹಾಗೇ ಇರಲಿ. ಇವನು ಕಂಡ ಹಂಸಾನೂ ಇರಲಿ’ ಎಂದರು. ಹೊಸ ನಕ್ಷೆಯನ್ನು ಅವರು ಹರಿಯಲೂ ಇಲ್ಲ, ಮಗ್ಗಕ್ಕೆ ಏರಿಸಲೂ ಇಲ್ಲ. ಹಳೆಯ ನಕ್ಷೆಗಳ ಕಟ್ಟಿನಲ್ಲಿ ಸೇರಿಸಿ ಕಟ್ಟಿದರು.

ವಿಮರ್ಶಕರ ದೊಡ್ಡ ವಾದವನ್ನು ಆ ನೇಕಾರರು ಎರಡು ಮಾತಿನಲ್ಲಿ ಬಗೆಹರಿಸಿದರೆಂದು ನನ್ನ ಭಾವನೆ. ಕವಿಸಮಯದ ಹಂಸವನ್ನು ನಾವು ಕಳೆದುಕೊಳ್ಳಬೇಕಾಗಿಲ್ಲ. ಹಾಲು ನೀರನ್ನು ಬೇರ್ಪಡಿಸುವ ಹಕ್ಕಿ ಇಲ್ಲವೆಂದು ಸಾಬೀತಾದರೂ ವಿವೇಕಕ್ಕೆ ಒಂದು ಸಂಕೇತ ಬೇಕೇ ಬೇಕು. ಆದರೆ ಸಂಕೇತವನ್ನು ಇಟ್ಟುಕೊಂಡು ಹಕ್ಕಿಯನ್ನು ಕೈಬಿಟ್ಟರೆ, ಮುಂದಿನ ತಲೆಮಾರಿಗೆ ಸಂಕೇತದ ಅರ್ಥವೂ ಉಳಿಯಲಾರದು. ಹಳಗನ್ನಡದ ಕವಿ ಅರಸಂಚೆಯೆಂದಾಗ ಅವನ ಕೇಳುಗರ ಕಿವಿಯಲ್ಲಿ ಒಂದು ದನಿ ಮೊಳಗುತ್ತಿದ್ದಿರಬೇಕು. ನಮಗೆ ಅಡಿಟಿಪ್ಪಣಿ ಮಾತ್ರ ದೊರೆಯುತ್ತದೆ.

ಆದ್ದರಿಂದ ನನ್ನದೊಂದು ಬಿನ್ನಹ. ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಿಮ್ಮೂರಿನ ಕೆರೆಯ ಕಡೆಗೆ ಹೋಗಿ. ಕ್ಯಾಮೆರಾ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಕಣ್ಣಿದ್ದೇ ಇದೆ. ದೂರದಲ್ಲಿ ನಿಲ್ಲಿ, ಬಣ್ಣದ ಬಟ್ಟೆ ಬೇಡ, ಗದ್ದಲ ಬೇಡ, ಕಲ್ಲಂತೂ ಬೇಡವೇ ಬೇಡ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಹತ್ತಿರವಾದಿರೆಂದು ತಿಳಿದು ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಹೆಬ್ಬಾತು ಕಂಡರೆ ಭಾಗ್ಯ. ಬೆಳ್ಳಕ್ಕಿಯೋ ನಾಮಕೋಳಿಯೋ ಕಂಡರೂ ಭಾಗ್ಯವೇ. ಕೆರೆಯಲ್ಲಿ ನೀರೇ ಇಲ್ಲದಿದ್ದರೆ, ಅದು ಏಕಿಲ್ಲವೆಂದು ಊರಿನ ನಾಲ್ಕು ಜನರನ್ನು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಹೂಳಿನ ಮಾತು ಬರುತ್ತದೆ, ಒತ್ತುವರಿಯ ಮಾತು ಬರುತ್ತದೆ, ನಮ್ಮ ನಮ್ಮ ಹೊಣೆಯ ಮಾತೂ ಬರುತ್ತದೆ. ಮಾನಸ ಸರೋವರವನ್ನು ಕಾಯುವುದು ನಮ್ಮ ಕೈಯಲ್ಲಿಲ್ಲ. ಊರ ಮುಂದಿನ ಕೆರೆಯನ್ನು ಕಾಯುವುದು ನಮ್ಮ ಕೈಯಲ್ಲಿದೆ.